ಓದು, ವಾದ, ಮಾತು: ಕ್ರೈಸ್ತ ಶಾಸ್ತ್ರೀಯ ಶಿಕ್ಷಣ ಕನ್ನಡಕ್ಕೆ ಕೊಟ್ಟದ್ದು, ಕನ್ನಡದಿಂದ ಪಡೆದದ್ದು

(ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕನ್ನಡ ಸಾಹಿತ್ಯ ಸಮ್ಮೇಳನದ 32ನೆಯ ಅಧಿವೇಶನ 1949ರಲ್ಲಿ ಕಲಬುರಗಿಯಲ್ಲಿ ನಡೆಯಿತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ನಿಜಾಮರ ಆಳ್ವಿಕೆ ಮುಗಿದಿತ್ತು. ಕಚೇರಿ, ಕೋರ್ಟುಗಳಲ್ಲಿ ಉರ್ದುವೇ ನಡೆಯುತ್ತಿದ್ದ ಸೀಮೆಯಲ್ಲಿ ಕನ್ನಡದ ಹೆಸರಿನಲ್ಲಿ ಜನ ಸೇರಿದ್ದರು. ಅಧ್ಯಕ್ಷ ಪೀಠದಲ್ಲಿ ಕೂತವರು ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಗುರುವೊಬ್ಬರು ಕನ್ನಡ ನಾಡಿನ ಅತಿ ದೊಡ್ಡ ಸಾಹಿತ್ಯ ಸಭೆಯನ್ನು ನಡೆಸಿದರು. ಆ ಗೌರವ ಅವರಿಗೆ ಮತದ ಕಾರಣಕ್ಕೆ ಬಂದದ್ದಲ್ಲ, ವಿದ್ವತ್ತಿನ ಕಾರಣಕ್ಕೆ ಬಂದದ್ದು. ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿ, ಕಡತ, ಜನರ ಬಾಯಿ, ಹೀಗೆ ಸಿಕ್ಕ ಸಿಕ್ಕಲ್ಲಿಂದ ಕೂಡಿಸಿ, ಎರಡು ಸಾವಿರದಷ್ಟನ್ನು ವಿಷಯವಾರು ವಿಂಗಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಅವರು. ‘ತಿರುಳ್ಗನ್ನಡದ ತಿರುಕ’ ಎಂಬುದು ಅವರಿಗೆ ಸಂದ ಬಿರುದು.

ಚನ್ನಪ್ಪನವರು ಓದಿದ್ದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ. ಅಂಥ ಶಾಲೆಯಲ್ಲಿ ಕಲಿತವರು ಸರ್ವಜ್ಞನ ಬೆನ್ನು ಹತ್ತಿದ್ದು ಹೇಗೆ? ಆ ಶಿಕ್ಷಣದಲ್ಲಿ ಏನಿತ್ತು, ಇವತ್ತು ಮಸ್ಕಿ, ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳ ಮಕ್ಕಳಿಗೆ ಅದರಿಂದ ಪಡೆಯುವಂಥದ್ದು ಏನಾದರೂ ಇದೆಯೇ ಎಂಬುದು ಈ ಉಪನ್ಯಾಸದ ವಿಷಯ.

1. ಏಳು ವಿದ್ಯೆಗಳು

ಆ ಶಿಕ್ಷಣದ ಬೇರು ಯುರೋಪಿನ ಹಳೆಯ ಶಾಲೆಗಳಲ್ಲಿದೆ. ಅವು ಏಳು ವಿದ್ಯೆಗಳನ್ನು ಕಲಿಸುತ್ತಿದ್ದವು. ಮೊದಲಿನ ಮೂರು ವ್ಯಾಕರಣ, ತರ್ಕ, ವಾಗ್ಮಿತೆ. ಇವಕ್ಕೆ ಟ್ರಿವಿಯಮ್ ಎಂದು ಹೆಸರು. ನಂತರದ ನಾಲ್ಕು ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ; ಇವು ಕ್ವಾಡ್ರಿವಿಯಮ್. ಇವು ಕ್ರೈಸ್ತರು ಹುಟ್ಟುಹಾಕಿದ ವಿದ್ಯೆಗಳಲ್ಲ. ಗ್ರೀಕರೂ ರೋಮನರೂ ಕಟ್ಟಿದ್ದನ್ನು ಕ್ರೈಸ್ತ ಮಠಗಳು ಕಾಪಾಡಿ ಮುಂದಿನವರ ಕೈಗೆ ದಾಟಿಸಿದವು. ಅನ್ಯದೇವರುಗಳ ಕಥೆ ತುಂಬಿದ ಈ ಪುಸ್ತಕಗಳನ್ನು ನಮ್ಮ ಮಕ್ಕಳು ಓದಬೇಕೇ ಎಂಬ ಪ್ರಶ್ನೆ ನಾಲ್ಕನೆಯ ಶತಮಾನದಲ್ಲೇ ಎದ್ದಿತ್ತು. ಸಂತ ಬೆಸಿಲ್ ಯುವಕರಿಗಾಗಿ ಬರೆದ ಪ್ರಬಂಧವೊಂದರಲ್ಲಿ, ಒಳ್ಳೆಯದನ್ನು ಆರಿಸಿಕೊಂಡು ಓದಬಹುದು ಎಂದರು. ಸಂತ ಅಗಸ್ಟೀನ್ ಈಜಿಪ್ಟಿನಿಂದ ಹೊರಟ ಇಸ್ರೇಲರ ಕಥೆಯನ್ನು ಎತ್ತಿಕೊಂಡರು. ಈಜಿಪ್ಟಿನವರ ಚಿನ್ನವನ್ನು ಇಸ್ರೇಲರು ತಮ್ಮ ಜೊತೆ ಒಯ್ದು ತಮ್ಮ ಕೆಲಸಕ್ಕೆ ಬಳಸಿಕೊಂಡ ಹಾಗೆ, ಅನ್ಯರ ವಿದ್ಯೆಯಲ್ಲಿರುವ ಸತ್ಯವನ್ನೂ ಬಳಸಿಕೊಳ್ಳಬಹುದು ಎಂಬುದು ಅವರ ವಾದ.

1599ರಲ್ಲಿ ಯೇಸುಸಭೆಯವರು (ಜೆಸ್ವಿಟರು) ‘ರಾಷಿಯೊ ಸ್ಟುಡಿಯೋರಂ’ ಎಂಬ ಪಠ್ಯಕ್ರಮವನ್ನು ಜಾರಿಗೆ ತಂದರು. ಕೆಳ ತರಗತಿಗಳಲ್ಲಿ ವ್ಯಾಕರಣ, ಆಮೇಲೆ ಕಾವ್ಯ ಮತ್ತು ಇತಿಹಾಸ, ಆಮೇಲೆ ವಾಗ್ಮಿತೆ, ಅದಾದ ಮೇಲೆ ತತ್ತ್ವಶಾಸ್ತ್ರ, ದೇವತಾಶಾಸ್ತ್ರ. ಮೇಷ್ಟ್ರು ಪಠ್ಯದ ಒಂದು ತುಂಡನ್ನು ಎತ್ತಿಕೊಂಡು ಪದ ಪದವನ್ನೂ ಬಿಡಿಸಿ ಹೇಳಬೇಕು. ಹುಡುಗರು ಅದನ್ನು ಒಪ್ಪಿಸಬೇಕು, ಅದರ ಮಾದರಿಯಲ್ಲಿ ತಾವೇ ಬರೆಯಬೇಕು, ಎದುರು ಬದುರು ನಿಂತು ವಾದಿಸಬೇಕು.

ಈಚಿನ ಕಾಲದಲ್ಲಿ ಈ ಪದ್ಧತಿಗೆ ಮತ್ತೆ ಜೀವ ಬಂದಿದೆ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಇಂಗ್ಲೆಂಡಿನ ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಮಕ್ಕಳಿಗೆ ಹತ್ತಾರು ವಿಷಯ ತುಂಬುತ್ತಿದ್ದೇವೆ, ಕಲಿಯುವುದು ಹೇಗೆಂದು ಮಾತ್ರ ಕಲಿಸುತ್ತಿಲ್ಲ ಎಂಬುದು ಅವರ ಆಕ್ಷೇಪ. ಎಳೆಯ ಮಕ್ಕಳಿಗೆ ಬಾಯಿಪಾಠ ಇಷ್ಟ, ಅವರಿಗೆ ವ್ಯಾಕರಣ. ಹನ್ನೆರಡು ಹದಿಮೂರರ ವಯಸ್ಸಿಗೆ ಎದುರು ವಾದಿಸುವುದು ಇಷ್ಟ, ಅವರಿಗೆ ತರ್ಕ. ಹದಿಹರೆಯದವರಿಗೆ ತಮ್ಮನ್ನು ತಾವು ತೋರಿಸಿಕೊಳ್ಳುವುದು ಇಷ್ಟ, ಅವರಿಗೆ ವಾಗ್ಮಿತೆ. ಹೀಗೆ ಅವರು ಮೂರು ವಿದ್ಯೆಗಳನ್ನು ಮಕ್ಕಳ ಮೂರು ವಯೋಮಾನಕ್ಕೆ ಹೊಂದಿಸಿದರು. ಅಮೆರಿಕದ ಐಡಾಹೊ ರಾಜ್ಯದಲ್ಲಿ 1981ರಲ್ಲಿ ಶುರುವಾದ ಲೋಗೋಸ್ ಶಾಲೆ ಈ ವಿಚಾರವನ್ನು ಆಚರಣೆಗೆ ತಂದಿತು. ಅಲ್ಲಿಂದ ‘ಕ್ಲಾಸಿಕಲ್ ಕ್ರಿಶ್ಚಿಯನ್’ ಶಾಲೆಗಳ ಒಂದು ಚಳವಳಿಯೇ ಬೆಳೆಯಿತು. ಅಲ್ಲಿನ ಮಕ್ಕಳು ಲ್ಯಾಟಿನ್ ಕಲಿಯುತ್ತಾರೆ, ಹೋಮರ್, ವರ್ಜಿಲರನ್ನು ಓದುತ್ತಾರೆ.

ಈ ಪದ್ಧತಿಯನ್ನು ಸಂತೆಕಲ್ಲೂರಿಗೆ ಹಾಗೆಯೇ ಎತ್ತಿ ತರಬೇಕೆಂದು ಯಾರೂ ಹೇಳಲಾರರು. ಅದರ ಅಗತ್ಯವೂ ಇಲ್ಲ. ಅದೇ ಪರಂಪರೆಯ ಮನುಷ್ಯರು ಸುಮಾರು 190 ವರ್ಷಗಳ ಹಿಂದೆಯೇ ಕನ್ನಡ ಕರಾವಳಿಗೆ ಬಂದು ಇಳಿದಿದ್ದರು, ಅಲ್ಲಿ ಆದದ್ದು ಬೇರೆಯೇ ಕಥೆ.

2. ಮಂಗಳೂರಿನಲ್ಲಿ ಆದದ್ದು

ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1836ರ ಕೊನೆಗೆ ಹೆರ್ಮನ್ ಮೋಗ್ಲಿಂಗ್ ಬಂದರು. ಟ್ಯೂಬಿಂಗನ್ನಿನಲ್ಲಿ ಓದಿದವರು, ಗ್ರೀಕ್, ಲ್ಯಾಟಿನ್, ಹೀಬ್ರೂಗಳ ಶಿಸ್ತಿನಲ್ಲಿ ಬೆಳೆದವರು. ಬಂದವರು ಕನ್ನಡ ಕಲಿಯಲು ಕೂತರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಅಲ್ಲಿ ಅಚ್ಚಿನ ಮೊಳೆಗಳಿದ್ದವು. 1847ರಲ್ಲಿ ಮಂಗಳೂರಿನಲ್ಲಿ ಸೆಮಿನರಿ ಶುರುವಾಯಿತು. 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಒಂದೊಂದಾಗಿ ಅಚ್ಚಾದವು. ಆ ಕೆಲಸಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಸುವಾರ್ತೆ ಸಾರಲು ಬಂದವರಿಗೆ ಬಸವಪುರಾಣವನ್ನೂ ಪುರಂದರದಾಸರನ್ನೂ ಅಚ್ಚು ಹಾಕುವ ದರ್ದು ಏನಿತ್ತು? ಜನರನ್ನು ಅರಿಯದೆ ಅವರೊಡನೆ ಮಾತಾಡಲಾಗದು ಎಂಬುದು ಒಂದು ಕಾರಣ. ಅವರು ಕಲಿತ ವಿದ್ಯೆ ಇನ್ನೊಂದು ಕಾರಣ. ಒಂದು ಜನಾಂಗವನ್ನು ತಿಳಿಯಬೇಕಾದರೆ ಅದರ ವ್ಯಾಕರಣದಿಂದ, ಅದರ ಹಿರಿಯ ಗ್ರಂಥಗಳಿಂದ ಶುರು ಮಾಡಬೇಕು ಎಂದೇ ಅವರ ಶಾಲೆಗಳು ಅವರಿಗೆ ಕಲಿಸಿದ್ದವು. ವರ್ಜಿಲನನ್ನು ಓದಿದ ರೀತಿಯಲ್ಲೇ ಅವರು ಲಕ್ಷ್ಮೀಶನನ್ನು ಓದಿದರು.

ಫರ್ಡಿನಾಂಡ್ ಕಿಟ್ಟೆಲ್ ಈ ಓದನ್ನು ಕೊನೆಯ ಮೆಟ್ಟಿಲವರೆಗೆ ಒಯ್ದರು. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದವರು. 1862ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. 1894ರಲ್ಲಿ ಹೊರಬಂದ ಅವರ ನಿಘಂಟು ಸುಮಾರು 70,000 ಪದಗಳದ್ದು, 1,700ಕ್ಕೂ ಹೆಚ್ಚು ಪುಟಗಳದ್ದು. ಕನ್ನಡ ಪಂಡಿತರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕೇಳಿದ್ದರಿಂದ ಆದ ಕೆಲಸ ಅದು. ಸುವಾರ್ತೆ ಸಾರಲು ಬಂದವರು ಇಲ್ಲಿ ಕೇಶಿರಾಜನ ವಿದ್ಯಾರ್ಥಿಯಾದರು.

ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಮಿಷನ್ ಶಾಲೆಗಳ ಗುರಿ ಮತಪ್ರಸಾರವಾಗಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು, ಎಷ್ಟೋ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಆನಂದರಾಯರು ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಒಂದು ಮನೆಯ ದುಃಖ, ಒಬ್ಬ ಯುವಕನ ಆಯ್ಕೆ ಎರಡೂ ಅದರಲ್ಲಿವೆ. ಪಾಠ ಹೇಳುವವರ ಉದ್ದೇಶ ಒಂದಿರಬಹುದು, ಪಾಠ ಕಲಿತವರ ದಾರಿ ಇನ್ನೊಂದಾಗಬಹುದು ಎಂಬುದಕ್ಕೆ ಉತ್ತಂಗಿಯವರೇ ಸಾಕ್ಷಿ. ಕಡೆಯವರೆಗೂ ಕ್ರೈಸ್ತ ನಂಬಿಕೆಯಲ್ಲೇ ಉಳಿದ ಅವರು ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದರು, ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು, ಸಿದ್ಧರಾಮನ ಸಾಹಿತ್ಯವನ್ನು ಕೂಡಿಸಿದರು.

ಸರ್ವಜ್ಞನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆ ಶಿಕ್ಷಣದ ಗುರುತು ಕಾಣುತ್ತದೆ. ಒಂದೇ ತ್ರಿಪದಿ ಒಂದು ಊರಲ್ಲಿ ಒಂದು ಬಗೆ, ಇನ್ನೊಂದು ಊರಲ್ಲಿ ಇನ್ನೊಂದು ಬಗೆ. ಯಾವ ಪಾಠ ಹಳೆಯದು? ಯಾವುದು ಆಮೇಲೆ ಸೇರಿದ್ದು? ಎಲ್ಲಿ ಮಾತ್ರೆ ತಪ್ಪಿದೆ, ಎಲ್ಲಿ ಅಂಕಿತ ಮಾತ್ರ ಸರ್ವಜ್ಞನದಾಗಿ ಮಾತು ಬೇರೆಯವರದಾಗಿದೆ? ಈ ಪ್ರಶ್ನೆಗಳಿಗೆ ವ್ಯಾಕರಣ ಬೇಕು, ಛಂದಸ್ಸು ಬೇಕು, ಊಹೆಯನ್ನೂ ಪ್ರಮಾಣವನ್ನೂ ಬೇರೆ ಮಾಡುವ ತರ್ಕ ಬೇಕು. ಗ್ರಂಥದ ಪಾಠಗಳನ್ನು ಹೋಲಿಸಿ ಓದುವುದು ಬೈಬಲ್ ಅಧ್ಯಯನದ ಮೊದಲ ಶಿಸ್ತು. ಆ ಶಿಸ್ತನ್ನು ಕಲಿಸುವ ಮನೆಯಿಂದ ಬಂದವರು ಅದನ್ನು ಅಲೆಮಾರಿ ಕವಿಯೊಬ್ಬನ ಮಾತಿಗೆ ಅನ್ವಯಿಸಿದರು.

ಕ್ಯಾಥೊಲಿಕ್ ಕಡೆಯಲ್ಲೂ ಕೆಲಸ ನಡೆದಿತ್ತು. 1880ರಲ್ಲಿ ಇಟಲಿಯ ಯೇಸುಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಕರಾವಳಿಯ ಹೆಣ್ಣುಮಕ್ಕಳಿಗೆ ಪದವಿಯ ಬಾಗಿಲು ತೆಗೆಯಿತು. ಬಾಸೆಲ್ ಮಿಷನ್ನಿನ ಹಳೆಯ ಸೆಮಿನರಿ 1965ರಿಂದ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಗಿ ನಡೆಯುತ್ತಿದೆ.

3. ಈ ಸೀಮೆಯ ಹಳೆಯ ಪಾಠಶಾಲೆಗಳು

ಇವೆಲ್ಲ ಕರಾವಳಿಯ ಕಥೆ, ನಮ್ಮ ಎರೆಹೊಲದ ಸೀಮೆಗೆ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಇದೇ ಸೀಮೆಯ ಮುದಗಲ್ಲಿನ ಕ್ರೈಸ್ತ ಸಮುದಾಯದ ಬೇರು ಬಿಜಾಪುರದ ಆದಿಲ್‌ಶಾಹಿ ಕಾಲಕ್ಕೆ ಹೋಗುತ್ತದೆ. ಮಂಗಳೂರಿಗೆ ಬಾಸೆಲ್ಲಿನವರು ಬರುವುದಕ್ಕೂ ಎಷ್ಟೋ ಮೊದಲಿನ ಮಾತು ಅದು. ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ ಪ್ರಕಟಿಸಿದರು, ಕಿಟ್ಟೆಲ್ ನಿಘಂಟಿಗಿಂತ 70 ವರ್ಷ ಮೊದಲು.

ಅದಕ್ಕಿಂತ ಹಿಂದೆ ಹೋದರೆ ಈ ಸೀಮೆಯೇ ವಿದ್ಯೆಯ ತವರು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನದಲ್ಲಿ ವೇದ, ಶಾಸ್ತ್ರಗಳನ್ನು ಹೇಳುವ ಉಪಾಧ್ಯಾಯರ ಜೊತೆಗೆ ಸರಸ್ವತೀ ಭಂಡಾರಿಗಳಿಗೂ, ಎಂದರೆ ಗ್ರಂಥಪಾಲಕರಿಗೂ, ಜೀವನೋಪಾಯದ ಏರ್ಪಾಡಾಗಿದೆ. ವ್ಯಾಕರಣ, ನ್ಯಾಯ, ಅಲಂಕಾರ ಎಂದು ನಮ್ಮ ಹಿರಿಯರು ಕಲಿಸುತ್ತಿದ್ದುದು ಟ್ರಿವಿಯಮ್ಮಿನ ನೆರೆಮನೆಯಲ್ಲೇ ಇತ್ತು. ಆ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ ಎಂಬುದು ಅದರ ದೊಡ್ಡ ಕೊರತೆ. ಹನ್ನೆರಡನೆಯ ಶತಮಾನದ ಶರಣರು ಆ ಗೋಡೆಯನ್ನು ಮಾತಿನಿಂದ ಒಡೆದರು. ಹತ್ತೊಂಬತ್ತನೆಯ ಶತಮಾನದ ಮಿಷನ್ ಶಾಲೆಗಳು ಒಂದೇ ಬೆಂಚಿನಲ್ಲಿ ಕೂರಿಸಿ ಒಡೆಯಲು ನೋಡಿದವು.

ಸಂತೆಕಲ್ಲೂರಿಗೂ ಇದರಲ್ಲಿ ಪಾಲಿದೆ. ಇಲ್ಲಿನ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿ ಜ್ಞಾನ ಪ್ರದೀಪಿಕೆ’ಯನ್ನು ರಚಿಸಿದರು. ಮಠದ ಗದ್ದುಗೆಯಲ್ಲಿ ಕೂತ ಶಿವಯೋಗಿಯೊಬ್ಬರು ಒಕ್ಕಲುತನವನ್ನು ಶಾಸ್ತ್ರದ ವಿಷಯವೆಂದು ಗೌರವಿಸಿ ಗ್ರಂಥ ಬರೆದರು. ಯುರೋಪಿನ ಹಳೆಯ ಶಾಲೆಗಳು ಕೈಕೆಲಸವನ್ನು ಏಳು ವಿದ್ಯೆಗಳಿಂದ ಹೊರಗಿಟ್ಟಿದ್ದವು. ನೇಗಿಲು ಹಿಡಿದವನ ತಿಳಿವಳಿಕೆಯನ್ನು ಒಳಗೆ ತಂದ ಹೆಚ್ಚುಗಾರಿಕೆ ಸಂತೆಕಲ್ಲೂರಿನದು.

4. ಇವತ್ತಿನ ತರಗತಿ

ಈಗಿನ ಸ್ಥಿತಿ ಏನು? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳಲ್ಲಿ ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತದೆ. ಉಳಿದವರಲ್ಲಿ ಅಂಕ ಚೆನ್ನಾಗಿ ಬಂದವರು ಸೈನ್ಸ್, ನಂತರದವರು ಕಾಮರ್ಸ್, ಇನ್ನುಳಿದವರು ಆರ್ಟ್ಸ್. ಪಿಯುಸಿಯಲ್ಲಿ ಆರ್ಟ್ಸ್ ಎಂದರೆ ‘ಬೇರೆ ಏನೂ ಸಿಗದವರ ಪಾಲು’ ಎಂಬ ಮಾತು ಮನೆಯಲ್ಲೂ ಇದೆ, ಸ್ಟಾಫ್ ರೂಮಿನಲ್ಲೂ ಇದೆ. ಹಾಗೆ ಸೇರಿದ ಮಕ್ಕಳಿಗೆ ಸಿಗುವುದು ಗೈಡು ಮತ್ತು ನೋಟ್ಸು. ಇತಿಹಾಸ ತೆಗೆದುಕೊಂಡವರು ಒಂದು ಶಾಸನವನ್ನು ಬಿಡಿಸಿ ಓದದೆ, ಕನ್ನಡ ತೆಗೆದುಕೊಂಡವರು ಒಂದು ಹಳಗನ್ನಡ ಪದ್ಯವನ್ನು ಅನ್ವಯ ಮಾಡದೆ ಪದವಿ ಮುಗಿಸುವುದುಂಟು.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ‘ಲಿಬರಲ್ ಆರ್ಟ್ಸ್’ ಹೆಸರಿನಲ್ಲಿ ಇದೇ ವಿಷಯಗಳನ್ನು ದುಬಾರಿ ಶುಲ್ಕಕ್ಕೆ, ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ತರಗತಿಗಳಲ್ಲಿ ಕಲಿಸುತ್ತವೆ. ಅದು ತಪ್ಪಲ್ಲ. ಹಣವಿದ್ದವರ ಮಕ್ಕಳಿಗೆ ಯೋಚಿಸುವ ವಿದ್ಯೆ, ಬಡವರ ಮಕ್ಕಳಿಗೆ ಬಾಯಿಪಾಠ ಎಂದು ಪಾಲಾಗುವುದು ತಪ್ಪು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದಿತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ನೀತಿಗಳು ಬರುತ್ತವೆ, ಬದಲಾಗುತ್ತವೆ. ತರಗತಿಯ ಬಾಗಿಲು ಹಾಕಿದ ಮೇಲೆ ಮೇಷ್ಟ್ರು ಮಕ್ಕಳ ಮುಂದೆ ಇಡುವ ಪಠ್ಯ ಯಾವುದು, ಅದನ್ನು ಓದಿಸುವ ರೀತಿ ಯಾವುದು ಎಂಬುದು ಯಾವ ನೀತಿಗೂ ಕಾಯಬೇಕಾಗಿಲ್ಲ.

5. ಮಸ್ಕಿಯ ಬಂಡೆಯ ಮೇಲೊಂದು ಪಾಠ

ಮೂರು ವಿದ್ಯೆಗಳನ್ನು ಈ ನೆಲದ ಪಠ್ಯದಿಂದ ಕಲಿಸುವುದು ಹೇಗೆ? ಮಸ್ಕಿಯ ಅಶೋಕ ಶಾಸನವನ್ನೇ ತೆಗೆದುಕೊಳ್ಳಬಹುದು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಇದನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಸಾಮಾನ್ಯವಾಗಿ ಆಗುವುದು ಗ್ರೂಪ್ ಫೋಟೊ. ಅದರ ಬದಲು ಮೂರು ದಿನದ ಪಾಠ ಆಗಲಿ.

ಮೊದಲ ದಿನ ವ್ಯಾಕರಣ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮೇಷ್ಟ್ರು ಬೋರ್ಡಿನ ಮೇಲೆ ಹತ್ತು ಬ್ರಾಹ್ಮಿ ಅಕ್ಷರ ಬರೆದು, ಇವತ್ತಿನ ಕನ್ನಡ ಅಕ್ಷರಗಳಾಗಿ ಅವು ಹೇಗೆ ಬೆಳೆದು ಬಂದವೆಂದು ತೋರಿಸಬೇಕು. ‘ಅಸೋಕಸ’ ಎಂಬಲ್ಲಿ ವಿಭಕ್ತಿ ಪ್ರತ್ಯಯ ಯಾವುದು, ಕನ್ನಡದಲ್ಲಿ ಆ ಜಾಗಕ್ಕೆ ಏನು ಬರುತ್ತದೆ ಎಂದು ಮಕ್ಕಳೇ ಹುಡುಕಬೇಕು. ಎಂಟನೆಯ ತರಗತಿಯಲ್ಲಿ ಕಂಠಪಾಠ ಮಾಡಿದ ಷಷ್ಠೀ ವಿಭಕ್ತಿಗೆ ಆಗ ಒಂದು ಕೆಲಸ ಸಿಗುತ್ತದೆ.

ಎರಡನೆಯ ದಿನ ತರ್ಕ. ದೇಶದ ಉದ್ದಗಲಕ್ಕೂ ಸಿಕ್ಕ ಶಾಸನಗಳಲ್ಲಿ ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯನ್ನು ಓದಿದರು. ಲಂಕೆಯ ಹಳೆಯ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಈ ರಾಜ ಅಶೋಕನೇ ಎಂದು ಸೂಚಿಸಿದರು. ಮಸ್ಕಿಯಲ್ಲಿ ಬಿರುದೂ ಹೆಸರೂ ಒಟ್ಟಿಗೆ ಸಿಕ್ಕವು. ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ: ಮಸ್ಕಿ ಸಿಗುವ ಮೊದಲು ಅಶೋಕನೆಂದು ಹೇಳುವುದು ಊಹೆಯೋ, ಪ್ರಮಾಣವೋ? ಸಿಕ್ಕ ಮೇಲೆ ಏನು ಬದಲಾಯಿತು? ನಂತರ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಅಶೋಕನ ಹೆಸರು ಸಿಕ್ಕಿದ್ದರಿಂದ ವಾದಕ್ಕೆ ಎಷ್ಟು ಬಲ ಬಂತು? ಇಬ್ಬಿಬ್ಬರು ಎದ್ದು ನಿಂತು ಪರ ವಿರೋಧ ಮಾತಾಡಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುವ ವಯಸ್ಸಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ತರ್ಕಪಾಠ ಸಿಗದು.

ಮೂರನೆಯ ದಿನ ವಾಗ್ಮಿತೆ. ಧರ್ಮದಲ್ಲಿ ನಡೆದರೆ ಸಿಗುವ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬುದು ಆ ಶಾಸನದ ಸಾರ. ಅದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ ಎಂದು ಅದು ಅಪ್ಪಣೆ ಮಾಡುತ್ತದೆ. ಈ ಮಾತನ್ನು ಸಂತೆಯ ದಿನ ನಿಂತ ಜನಕ್ಕೆ ರಾಯಚೂರು ಸೀಮೆಯ ಕನ್ನಡದಲ್ಲಿ ಐದು ನಿಮಿಷ ಹೇಳಬೇಕಾದರೆ ಹೇಗೆ ಶುರು ಮಾಡಬೇಕು, ಯಾವ ಉದಾಹರಣೆ ಕೊಡಬೇಕು? ಪ್ರತಿಯೊಬ್ಬರೂ ಬರೆದು, ಚೀಟಿ ನೋಡದೆ ಮಾತಾಡಬೇಕು. ವೇದಿಕೆ ಕಂಡರೆ ಹಿಂದೆ ಸರಿಯುವ ಹೆಣ್ಣುಮಕ್ಕಳಿಗೆ ಮೊದಲ ಸರದಿ.

ಇದೇ ಕ್ರಮದಲ್ಲಿ ಉತ್ತಂಗಿಯವರ ದಾರಿ ಹಿಡಿದು, ಮನೆಯಲ್ಲಿ ಅಜ್ಜಿ ಹೇಳುವ ಸರ್ವಜ್ಞನ ತ್ರಿಪದಿಯನ್ನು ಮಕ್ಕಳು ಬರೆದು ತರಬಹುದು. ಮೂರು ಮನೆಯ ಮೂರು ಪಾಠಗಳನ್ನು ಪಕ್ಕ ಪಕ್ಕ ಇಟ್ಟು ಯಾವುದರಲ್ಲಿ ಮಾತ್ರೆ ಸರಿ ಕೂಡುತ್ತದೆ ಎಂದು ಎಣಿಸಬಹುದು. ‘ಕೃಷಿ ಜ್ಞಾನ ಪ್ರದೀಪಿಕೆ’ಯ ಒಂದು ಭಾಗ ಓದಿ, ಅದರಲ್ಲಿ ಹೇಳಿದ್ದನ್ನು ಊರಿನ ಹಿರಿಯ ಒಕ್ಕಲಿಗರ ಅನುಭವದೊಂದಿಗೆ ತಾಳೆ ನೋಡಬಹುದು. ಇದ್ಯಾವುದಕ್ಕೂ ಸ್ಮಾರ್ಟ್ ಬೋರ್ಡ್ ಬೇಡ. ಓದಿಕೊಂಡು ಬಂದ ಮೇಷ್ಟ್ರು ಬೇಕು, ಕೈಯಲ್ಲಿ ಪುಸ್ತಕ ಬೇಕು, ವಾರಕ್ಕೆ ಮೂರು ಪೀರಿಯಡ್ ಬೇಕು.

ಕ್ರೈಸ್ತ ಸಂಸ್ಥೆಗಳ ಮೇಲೂ ಒಂದು ಹೊಣೆಯಿದೆ. ಈ ಜಿಲ್ಲೆಯಲ್ಲಿ ಧರ್ಮಕೇಂದ್ರಗಳು ನಡೆಸುವ ಶಾಲೆಗಳಲ್ಲಿ ಎಲ್ಲ ಜಾತಿ ಮತದ ಮಕ್ಕಳು ಓದುತ್ತಾರೆ. ತಂದೆತಾಯಿಗಳು ಅಲ್ಲಿಗೆ ಕಳಿಸುವುದು ಇಂಗ್ಲಿಷಿಗಾಗಿ. ಆ ಆಸೆ ನ್ಯಾಯವಾದದ್ದೇ. ಆದರೆ ಮೋಗ್ಲಿಂಗ್, ಕಿಟ್ಟೆಲ್, ಉತ್ತಂಗಿಯವರ ವಾರಸುದಾರರು ಎಂದು ಹೇಳಿಕೊಳ್ಳಬೇಕಾದರೆ ಆ ಶಾಲೆಗಳಲ್ಲಿ ಕೇಶಿರಾಜನಿಗೂ ಬಸವಣ್ಣನಿಗೂ ಜಾಗವಿರಬೇಕು. ಹಾಗೆಯೇ ಮಠದ ಶಾಲೆಗಳಲ್ಲಿ, ಸರ್ಕಾರಿ ಶಾಲೆಗಳಲ್ಲಿ ಕಿಟ್ಟೆಲ್ ನಿಘಂಟಿನ ಒಂದು ಪುಟವನ್ನು ಮಕ್ಕಳ ಕೈಗೆ ಕೊಟ್ಟು ಓದಿಸುವ ಉದಾರತೆ ಇರಬೇಕು. ಅಗಸ್ಟೀನರು ಹೇಳಿದ ಚಿನ್ನ ಎರಡೂ ಕಡೆಗೆ ಹರಿಯಲಿ.

ದತ್ತಿಯ ಬಡ್ಡಿ ದೊಡ್ಡ ಮೊತ್ತವಲ್ಲ, ಆದರೂ ಒಂದು ತರಗತಿಗೆ ಸಾಲುತ್ತದೆ. ಮುಂದಿನ ಜೂನಿನಿಂದ ಸಂತೆಕಲ್ಲೂರಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯನ್ನು ಆರಿಸಿಕೊಂಡು, ಮಸ್ಕಿ ಶಾಸನದ ಪಡಿಯಚ್ಚು, ಸರ್ವಜ್ಞನ ವಚನಗಳ ಪ್ರತಿಗಳು, ‘ಕೃಷಿ ಜ್ಞಾನ ಪ್ರದೀಪಿಕೆ’ಯ ಪ್ರತಿಗಳನ್ನು ಅಲ್ಲಿ ಇಡಬೇಕೆಂಬುದು ದತ್ತಿ ಸಮಿತಿಗೆ ಈ ಉಪನ್ಯಾಸದ ಕೋರಿಕೆ. ಪಾಠದ ಟಿಪ್ಪಣಿಯನ್ನು ಮೂರು ತಾಲ್ಲೂಕುಗಳ ಕನ್ನಡ ಮತ್ತು ಸಮಾಜ ವಿಜ್ಞಾನ ಶಿಕ್ಷಕರು ದಸರಾ ರಜೆಯೊಳಗೆ ಸೇರಿ ಬರೆಯಲಿ. ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ಮೊದಲ ಅರ್ಧ ಗಂಟೆಯನ್ನು ಆ ತರಗತಿಯ ಮಕ್ಕಳಿಗೆ ಬಿಟ್ಟುಕೊಡಲಿ. ಅವರು ಕಲಿತದ್ದನ್ನು ಇದೇ ವೇದಿಕೆಯಲ್ಲಿ ವಾದಿಸಿ ತೋರಿಸಲಿ, ಸಭಿಕರು ಅವರಿಗೆ ಪ್ರಶ್ನೆ ಕೇಳಲಿ.